ಮನೆಗೆ ವೈಫೈ ಹಾಕಿಸ್ತೀರಾ? ಪ್ಲಾನ್ ನೋಡುವ ಮೊದಲು ಬೀದಿಯ ಕಂಬ ನೋಡಿ

"ಕಡಿಮೆ ದುಡ್ಡಿಗೆ ಯಾವ ವೈಫೈ ಒಳ್ಳೆಯದು?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಬೀದಿಗೆ ಯಾರ ವೈರ್ ಬಂದಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಜಾಹೀರಾತು ನೋಡಿರುತ್ತಾರೆ, ಆಫೀಸಿನಲ್ಲಿ ಪಕ್ಕದಲ್ಲಿ ಕೂರುವವರು ಯಾವುದು ಹಾಕಿಸಿದ್ದಾರೆ ಎಂದು ವಿಚಾರಿಸಿರುತ್ತಾರೆ, ಐದಾರು ಪ್ಲಾನ್‌ಗಳ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಂಡಿರುತ್ತಾರೆ. ಕಂಬ ಮಾತ್ರ ನೋಡಿರುವುದಿಲ್ಲ.

ಮನೆಯ ಬ್ರಾಡ್‌ಬ್ಯಾಂಡ್ ಎಂದರೆ ಕಂಬದಿಂದ ನಿಮ್ಮ ಕಿಟಕಿಯವರೆಗೆ ಬರುವ ಒಂದು ತೆಳ್ಳನೆಯ ವೈರ್, ಮತ್ತು ಅದು ತುಂಡಾದ ದಿನ ಏಣಿ ಹೊತ್ತು ಬರುವ ಒಬ್ಬ ಮನುಷ್ಯ. ಈ ಎರಡು ಸರಿ ಇದ್ದರೆ 400 ರೂಪಾಯಿಯ ಪ್ಲಾನೂ ಸಾಕು. ಸರಿ ಇಲ್ಲದಿದ್ದರೆ ಸಾವಿರ ಕೊಟ್ಟರೂ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡೇ ಕೂರಬೇಕು.

ಇದನ್ನು ನಾನು ಕಲಿತದ್ದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಒಂದು ಸಣ್ಣ ಕಂಪನಿಯವರು ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ 100 ಎಂಬಿಪಿಎಸ್ ಸ್ಪೀಡ್ ಬಹಳ ಕಡಿಮೆಗೆ ಕೊಡುತ್ತೇವೆ ಎಂದರು, ಕಟ್ಟಿದೆ. ಎರಡನೇ ತಿಂಗಳಲ್ಲೇ ಲೈನ್ ಹೋಯಿತು. ಹನ್ನೊಂದು ದಿನ ಯಾರೂ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ "ನಾಳೆ ಬೆಳಿಗ್ಗೆ ಕಳಿಸ್ತೀವಿ ಸರ್." ಮೇಲಿನ ಮನೆಯವರದ್ದು ಬೇರೆ ಕಂಪನಿ, ಸ್ಪೀಡ್ ನನ್ನದರ ಅರ್ಧ, ತಿಂಗಳ ಬಿಲ್ ಸ್ವಲ್ಪ ಜಾಸ್ತಿ. ಅವರ ಲೈನ್ ಕೆಟ್ಟರೆ ಸಂಜೆಯೊಳಗೆ ಹುಡುಗ ಬರುತ್ತಿದ್ದ. ಆ ಹನ್ನೊಂದು ದಿನ ಮನೆಯಿಂದ ಕೆಲಸ ಮಾಡಲು ನಾನು ಹಾಕಿಸಿದ ಡೇಟಾ ಪ್ಯಾಕ್‌ಗಳ ಲೆಕ್ಕ ಕೂಡಿಸಿದರೆ, ಉಳಿಸಿದ್ದೆಲ್ಲ ಅಲ್ಲಿಗೇ ಹೋಗಿತ್ತು.

ಹಾಗಾಗಿ ಕೆಳಗೆ ಹೇಳುವ ಕ್ರಮದಲ್ಲೇ ಹೋಗಿ. ಒಂದು ಭಾನುವಾರ ಸಾಕು.

ಮೊದಲು, ಮನೆಯಲ್ಲಿ ಎಷ್ಟು ಬೇಕು ಎಂದು ಎಣಿಸಿ

ಒಂದು ಚೀಟಿ ತೆಗೆದುಕೊಳ್ಳಿ. ರಾತ್ರಿ ಎಂಟೂವರೆಗೆ ನಿಮ್ಮ ಮನೆಯಲ್ಲಿ ಯಾರ್ಯಾರು ಏನೇನು ಮಾಡುತ್ತಿರುತ್ತಾರೆ ಎಂದು ಬರೆಯಿರಿ. ಎಲ್ಲರೂ ಒಟ್ಟಿಗೆ ನೆಟ್ ಬಳಸುವ ಹೊತ್ತು ಅದು. ಅಮ್ಮ ಟಿವಿಯಲ್ಲಿ ಧಾರಾವಾಹಿ, ಮಗಳು ಫೋನಿನಲ್ಲಿ ಯೂಟ್ಯೂಬ್, ನೀವು ಆಫೀಸಿನ ಮೀಟಿಂಗ್, ಅಪ್ಪ ವಾಟ್ಸಾಪ್ ವಿಡಿಯೋ ಕಾಲ್.

ಈಗ ಲೆಕ್ಕ. ಎಚ್‌ಡಿ ವಿಡಿಯೋ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಬೇಕು. ದೊಡ್ಡ ಟಿವಿಯಲ್ಲಿ 4ಕೆ ನೋಡುವುದಾದರೆ 15. ವಿಡಿಯೋ ಮೀಟಿಂಗಿಗೆ 3ರಿಂದ 4. ವಾಟ್ಸಾಪ್, ಬ್ಯಾಂಕ್ ಕೆಲಸ, ಪೇಪರ್ ಓದುವುದು, ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಮೇಲೆ ಹೇಳಿದ ಮನೆಗೆ ಎಲ್ಲ ಕೂಡಿಸಿದರೂ 20 ದಾಟುವುದಿಲ್ಲ. 30 ಅಥವಾ 40 ಎಂಬಿಪಿಎಸ್ ಪ್ಲಾನ್ ಧಾರಾಳ.

"100 ಇದ್ದರೆ ಒಳ್ಳೆಯದಲ್ವಾ?" ಎನ್ನಿಸುತ್ತದೆ. ಮನೆಯಲ್ಲಿ ಇಬ್ಬರು ಮನೆಯಿಂದಲೇ ಕೆಲಸ ಮಾಡುವವರಿದ್ದರೆ, ದೊಡ್ಡ ದೊಡ್ಡ ಫೈಲ್ ಕಳಿಸುವ ಕೆಲಸವಿದ್ದರೆ, ಗೇಮ್ ಡೌನ್‌ಲೋಡ್ ಮಾಡುವ ಮಕ್ಕಳಿದ್ದರೆ ಒಳ್ಳೆಯದೇ. ಉಳಿದವರಿಗೆ ಸುಮ್ನೆ ಖರ್ಚು. ವಿಡಿಯೋ ಸುತ್ತುತ್ತಾ ನಿಲ್ಲುವುದಕ್ಕೆ ಮನೆಯೊಳಗಿನ ವೈಫೈ ಕೆಟ್ಟ ಜಾಗದಲ್ಲಿ ಇರುವುದೇ ಎಷ್ಟೋ ಸಲ ಕಾರಣ, ಪ್ಲಾನ್ ಸಣ್ಣದಾಗಿರುವುದಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಪ್ಲಾನಿನಲ್ಲಿ ಬರೆದಿರುವ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 40ರ ಪ್ಲಾನಿನಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಬಂದರೆ ಅದು ಪೂರ್ತಿ ಸ್ಪೀಡೇ. ಒಂದು ಜಿಬಿ ಇಳಿಯಲು ಮೂರೂವರೆ ನಿಮಿಷ.

ಆಮೇಲೆ ಬೀದಿಗೆ ಇಳಿಯಿರಿ

ಇದು ಈ ಇಡೀ ಲೇಖನದಲ್ಲಿ ಮುಖ್ಯವಾದ ಹೆಜ್ಜೆ, ಬಿಡಬೇಡಿ.

ಮನೆಯ ಮುಂದಿನ ಕಂಬ ನೋಡಿ. ಕಪ್ಪು ವೈರಿನ ಸುರುಳಿಗಳು, ಸಣ್ಣ ಡಬ್ಬಿಗಳು ನೇತಾಡುತ್ತಿರುತ್ತವೆ. ಕೆಲವು ಡಬ್ಬಿಗಳ ಮೇಲೆ ಕಂಪನಿ ಹೆಸರು ಇರುತ್ತದೆ. ಆಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕೇಳಿ, ಅಪಾರ್ಟ್‌ಮೆಂಟ್ ಆದರೆ ನಿಮ್ಮ ಬ್ಲಾಕಿನವರನ್ನೇ ಕೇಳಿ. ಯಾವ ಕಂಪನಿ ಎಂದು ಕೇಳಿ ಸುಮ್ಮನಾಗಬೇಡಿ. ನಾಲ್ಕು ವಿಷಯ ಕೇಳಬೇಕು. ಹೋದ ಮಳೆಗಾಲದಲ್ಲಿ ಎಷ್ಟು ಸಲ ಲೈನ್ ಹೋಯಿತು? ಹೋದಾಗ ಎಷ್ಟು ದಿನಕ್ಕೆ ಸರಿ ಮಾಡಿದರು? ರಾತ್ರಿ ಒಂಬತ್ತಕ್ಕೆ ಸ್ಪೀಡ್ ಬೀಳುತ್ತದಾ? ಲೈನ್‌ಮನ್ ನಂಬರ್ ನಿಮ್ಮ ಹತ್ತಿರ ಇದೆಯಾ? ಕೊನೆಯ ಪ್ರಶ್ನೆಗೆ "ಇದೆ" ಎಂದು ಥಟ್ಟನೆ ಹೇಳಿ ಫೋನ್ ತೆಗೆದರೆ ಅದು ಒಳ್ಳೆಯ ಲಕ್ಷಣ. ಆ ನಂಬರ್ ನೀವೂ ಬರೆದುಕೊಳ್ಳಿ.

ಸಲಿಗೆ ಇದ್ದರೆ ರಾತ್ರಿ ಒಂಬತ್ತರ ಹೊತ್ತಿಗೆ ಅವರ ಮನೆಯಲ್ಲೇ ಒಂದು ಸ್ಪೀಡ್ ಟೆಸ್ಟ್ ಮಾಡಿ ನೋಡಿ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನವರದ್ದೇ ಮೈಸ್ಪೀಡ್ ಎಂಬ ಆ್ಯಪ್ ಇದೆ, ಅದೂ ಆಗುತ್ತದೆ. ರಾತ್ರಿ ಏಕೆಂದರೆ, ಫೈಬರಿನಲ್ಲಿ, ಅಂದರೆ ಬೆಳಕಿನಲ್ಲಿ ಡೇಟಾ ತರುವ ಗಾಜಿನ ಎಳೆಯ ಲೈನಿನಲ್ಲಿ, ಸಾಮಾನ್ಯವಾಗಿ ಒಂದೇ ಎಳೆಯ ಬೆಳಕನ್ನು ಕಂಬದ ಮೇಲಿನ ಡಬ್ಬಿಗಳಲ್ಲಿ ಸೀಳಿ 32 ಅಥವಾ 64 ಮನೆಗೆ ಹಂಚಿರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೆಲಸಕ್ಕೆ ಹೋಗಿರುವಾಗ ಯಾವ ಲೈನಾದರೂ ಚೆನ್ನಾಗಿಯೇ ಓಡುತ್ತದೆ.

ಇನ್ನೊಂದು ಪ್ರಶ್ನೆ ಕಂಪನಿಯವರಿಗೆ ಕೇಳಬೇಕಾದದ್ದು: ಫೈಬರ್ ನನ್ನ ಮನೆಯ ಒಳಗೆ ಬರುತ್ತದಾ, ಇಲ್ಲಾ ಬೀದಿಯ ಡಬ್ಬಿವರೆಗೆ ಮಾತ್ರವಾ? ಕೆಲವು ಕೇಬಲ್‌ನವರು ಡಬ್ಬಿಯವರೆಗೆ ಫೈಬರ್ ತಂದು ಅಲ್ಲಿಂದ ತಾಮ್ರದ ಲ್ಯಾನ್ ವೈರ್ ಎಳೆಯುತ್ತಾರೆ. ಆ ಡಬ್ಬಿಗೆ ಕರೆಂಟ್ ಬೇಕು. ಬೀದಿಯಲ್ಲಿ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ನೆಟ್ ಹೋಗುತ್ತದೆ. ಮಲೆನಾಡಿನ ಕಡೆಯಂತೂ ಇದಕ್ಕಿಂತ ದೊಡ್ಡ ತೊಂದರೆ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಕರೆಂಟ್ ತಾಮ್ರದ ವೈರಿನ ಮೂಲಕ ಬಂದು ರೂಟರ್, ಅಂದರೆ ಮನೆಯೊಳಗೆ ವೈಫೈ ಹರಡುವ ಡಬ್ಬಿ, ಸುಟ್ಟುಹೋಗುತ್ತದೆ. ಫೈಬರ್ ಎಂದರೆ ಗಾಜಿನ ಎಳೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಂತ ಗುಡುಗುವಾಗ ಪ್ಲಗ್ ತೆಗೆಯುವುದನ್ನು ಬಿಡಬೇಡಿ, ಕರೆಂಟಿನ ಲೈನಿನಿಂದ ಬರುವ ಅಪಾಯ ಹಾಗೇ ಇರುತ್ತದೆ.

ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಆಯ್ಕೆ ಹೆಚ್ಚಿರುವುದಿಲ್ಲ. ಬಿಎಸ್‌ಎನ್‌ಎಲ್ ಫೈಬರನ್ನು ಎಷ್ಟೋ ಕಡೆ ಊರಿನವರೇ ಒಬ್ಬರು ಪಾಲುದಾರರಾಗಿ ನಡೆಸುತ್ತಾರೆ, ಮೊದಲು ಕೇಬಲ್ ಟಿವಿ ಕೊಡುತ್ತಿದ್ದವರೇ ಇರಬಹುದು. ಬಿಲ್ ಬಿಎಸ್‌ಎನ್‌ಎಲ್‌ದು, ವೈರ್ ಎಳೆಯುವುದು, ಕೆಟ್ಟರೆ ಬರುವುದು ಇವರು. ಇವರು ಚೆನ್ನಾಗಿದ್ದರೆ ಲೈನೂ ಚೆನ್ನಾಗಿರುತ್ತದೆ. ತೀರ್ಥಹಳ್ಳಿ ಕಡೆ ನಮ್ಮ ಅಪ್ಪ ಅಮ್ಮನ ಮನೆಗೆ ಇಂಥದ್ದೇ ಲೈನ್. ಜುಲೈಯಲ್ಲಿ ಒಂದು ದಿನ ತೋಟದ ಅಂಚಿನ ಮರದ ಕೊಂಬೆ ಬಿದ್ದು ವೈರ್ ತುಂಡಾಗಿತ್ತು. ಮಧ್ಯಾಹ್ನ ಇಬ್ಬರು ಬಂದರು. ಒಬ್ಬ ಕೊಡೆ ಹಿಡಿದ, ಇನ್ನೊಬ್ಬ ಕೆಸರಿನಲ್ಲೇ ಒಂದು ಗೋಣಿಚೀಲ ಹಾಸಿ ಕುಳಿತು, ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡ. ತುಂಡಾದ ಎರಡೂ ತುದಿಯ ಸಿಪ್ಪೆ ಸುಲಿದು, ಕೂದಲಿನಂಥ ಗಾಜಿನ ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಯಂತ್ರದೊಳಗೆ ಎದುರು ಬದುರು ಕೂರಿಸಿದ. ಪುಟ್ಟ ಪರದೆಯಲ್ಲಿ ಎರಡು ಎಳೆ ಹತ್ತಿರ ಹತ್ತಿರ ಬಂದು ಒಂದು ಕಿಡಿ ಹಾರಿ ಬೆಸೆದುಕೊಂಡವು. ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ಏರಿಸಿ ಬಿಸಿ ಮಾಡಿ ಮುಚ್ಚಿದ. ಒಳಗೆ ಅಮ್ಮ "ಕೆಂಪು ದೀಪ ಹೋಯ್ತು" ಎಂದು ಕೂಗಿದಳು. ಇಂಥ ಕೆಲಸ ಬಲ್ಲವನು ನಿಮ್ಮ ಊರಿನಿಂದ ಎಷ್ಟು ದೂರದಲ್ಲಿದ್ದಾನೆ ಎನ್ನುವುದರ ಮೇಲೆ ನಿಮ್ಮ ಪ್ಲಾನಿನ ನಿಜವಾದ ಬೆಲೆ ನಿಂತಿದೆ.

ನಗರಗಳಲ್ಲಿ ಇನ್ನೊಂದು ಸಂಗತಿ ಗಮನಿಸಿ. ವಿದ್ಯುತ್ ಕಂಬಕ್ಕೆ, ಮರಕ್ಕೆ ಹಾಗೇ ಸುತ್ತಿ ಎಳೆದ ವೈರುಗಳನ್ನು ಕರೆಂಟಿನವರಾಗಲಿ ಪಾಲಿಕೆಯವರಾಗಲಿ ಕತ್ತರಿಸಿ ಹಾಕುವುದುಂಟು. ನೆಲದೊಳಗಿನಿಂದ ಬಂದ ಲೈನ್ ಸಿಗುವ ಹಾಗಿದ್ದರೆ ತಿಂಗಳಿಗೆ ಐವತ್ತು ರೂಪಾಯಿ ಜಾಸ್ತಿ ಆದರೂ ಅದನ್ನೇ ನೋಡಿ.

ಈಗ ಪ್ಲಾನ್, ಆದರೆ ವರ್ಷದ ಲೆಕ್ಕದಲ್ಲಿ

ನಿಮ್ಮ ಬೀದಿಯಲ್ಲಿ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್, ಆ್ಯಕ್ಟ್ ಅಥವಾ ಊರಿನ ಕೇಬಲ್‌ನವರು, ಇಷ್ಟರಲ್ಲಿ ಎರಡು ಮೂರು ಹೆಸರು ಉಳಿದಿರುತ್ತವೆ. ಈಗ ಬೆಲೆ ನೋಡಿ. 2020ರಲ್ಲಿ ಜಿಯೋಫೈಬರ್ 30 ಎಂಬಿಪಿಎಸ್‌ಗೆ 399 ರೂಪಾಯಿಯ ಪ್ಲಾನ್ ತಂದಿತು, ಅದರ ಬೆನ್ನಿಗೇ ಏರ್‌ಟೆಲ್ 40 ಎಂಬಿಪಿಎಸ್‌ಗೆ 499 ಎಂದಿತು. ಅಲ್ಲಿಂದೀಚೆ ದೊಡ್ಡ ಕಂಪನಿಗಳ ಎಲ್ಲಕ್ಕಿಂತ ಕಡಿಮೆ ಬೆಲೆಯ ಪ್ಲಾನ್ 400, 500ರ ಆಸುಪಾಸಿನಲ್ಲೇ ಇದೆ. ಬಿಎಸ್‌ಎನ್‌ಎಲ್‌ನಲ್ಲಿ ಹಳ್ಳಿಗಳಿಗೆಂದೇ ಇನ್ನೂ ಕಡಿಮೆ ಬಾಡಿಗೆಯ ಪ್ಲಾನ್‌ಗಳು ಬಂದಿವೆ, ಹಳ್ಳಿಯಲ್ಲಿದ್ದರೆ ಕಚೇರಿಯಲ್ಲಿ ಹಳ್ಳಿಯ ಪ್ಲಾನ್ ಎಂದೇ ಹೇಳಿ ಕೇಳಬೇಕು, ತಾವಾಗಿ ಹೇಳದೆಯೂ ಇರಬಹುದು. ಹಾಕಿಸುವ ದಿನದ ಬೆಲೆಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಪಿನ್‌ಕೋಡ್ ಹಾಕಿಯೇ ನೋಡಿಕೊಳ್ಳಿ.

ಜಾಹೀರಾತಿನ ಬೆಲೆಗೆ ಸಾಮಾನ್ಯವಾಗಿ ಜಿಎಸ್‌ಟಿ ಸೇರಿರುವುದಿಲ್ಲ. 18 ಪರ್ಸೆಂಟ್. 399 ಎಂದರೆ ಕೈಯಿಂದ ಹೋಗುವುದು 470 ರೂಪಾಯಿ 82 ಪೈಸೆ. 499 ಎಂದರೆ 588 ರೂಪಾಯಿ 82 ಪೈಸೆ. 699 ಎಂದರೆ ಸುಮಾರು 825. ಮೊಬೈಲ್ ರೀಚಾರ್ಜ್ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ ನಮಗೆ ಆ ಅಭ್ಯಾಸ, ಇಲ್ಲಿ ಮೊದಲ ಬಿಲ್ ಬಂದಾಗ "ಇದೇನು ಜಾಸ್ತಿ ಹಾಕಿದ್ದಾರೆ" ಎಂದು ಜಗಳ ಶುರುವಾಗುತ್ತದೆ.

ಗೋಡೆಯ ಕ್ಯಾಲೆಂಡರಿನ ಹಿಂದೆ ಒಂದು ಕೂಡುವ ಲೆಕ್ಕ ಬರೆಯಿರಿ. ತಿಂಗಳ ಬಾಡಿಗೆ, ಅದಕ್ಕೆ 18 ಪರ್ಸೆಂಟ್, ಅದನ್ನು 12ರಿಂದ ಗುಣಿಸಿ. ಅದಕ್ಕೆ ಹಾಕಿಸುವ ಖರ್ಚು, ಕಂಬ ದೂರ ಇದ್ದರೆ ವೈರಿನ ಮೀಟರ್ ಲೆಕ್ಕದ ಖರ್ಚು, ರೂಟರ್ ಕೊಳ್ಳಬೇಕಾದರೆ ಅದರ ಬೆಲೆ ಸೇರಿಸಿ. ಡೆಪಾಸಿಟ್ ಬೇರೆ ಬರೆಯಿರಿ, ಅದು ವಾಪಸ್ ಬರುವ ಹಣ. 399ರ ಪ್ಲಾನ್ ವರ್ಷಕ್ಕೆ ಸುಮಾರು 5,650 ರೂಪಾಯಿ. 699ರದ್ದು ಸುಮಾರು 9,900. ತಿಂಗಳಿಗೆ "ಮುನ್ನೂರೇ ತಾನೇ" ಎನ್ನಿಸಿದ ವ್ಯತ್ಯಾಸ ವರ್ಷಕ್ಕೆ 4,248 ಆಗುತ್ತದೆ. ಸಂಬಳ ಲೆಕ್ಕ ಹಾಕಿ ಸಂಸಾರ ನಡೆಸುವ ಮನೆಯಲ್ಲಿ ಅದು ಒಂದು ಮಗುವಿನ ಪುಸ್ತಕ, ಯೂನಿಫಾರಂ ದುಡ್ಡು.

ಮೊಬೈಲ್ ಖರ್ಚನ್ನೂ ಇದೇ ಹಾಳೆಯಲ್ಲಿ ಬರೆಯಿರಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ 52. ವೈಫೈ ಬಂದ ಮೇಲೂ ಎಲ್ಲರಿಗೂ ದಿನಕ್ಕೆ 2 ಜಿಬಿ ಪ್ಯಾಕ್ ಬೇಕಾ? ಮನೆಯಲ್ಲೇ ಇರುವ ಹಿರಿಯರಿಗೆ ಡೇಟಾ ಇಲ್ಲದ ರೀಚಾರ್ಜ್ ಸಾಕಾಗಬಹುದು. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಂದಿದೆ, ಆಮೇಲೆ ಕಂಪನಿಗಳು 84 ದಿನದ್ದು, ವರ್ಷದ್ದು ಅಂಥ ಪ್ಯಾಕ್‌ಗಳನ್ನು ಬಿಟ್ಟಿವೆ. ಆ್ಯಪ್ ತೆರೆದ ಕೂಡಲೇ ಅವು ಕಣ್ಣಿಗೆ ಬೀಳುವುದಿಲ್ಲ, ಕೆಳಗೆ ಕೆಳಗೆ ಹುಡುಕಬೇಕು. ಹೊರಗೆ ಓಡಾಡುವವರಿಗೆ, ಅಂಗಡಿಯಲ್ಲಿ ಫೋನ್‌ಪೇ ಮಾಡುವವರಿಗೆ ಡೇಟಾ ಬೇಕೇ ಬೇಕು, ಅವರದ್ದನ್ನು ಮುಟ್ಟಬೇಡಿ. ಒಬ್ಬಿಬ್ಬರ ಪ್ಯಾಕ್ ಇಳಿಸಿದರೂ ಬ್ರಾಡ್‌ಬ್ಯಾಂಡ್ ಬಿಲ್ಲಿನ ಒಂದು ಪಾಲು ಅಲ್ಲೇ ಹುಟ್ಟುತ್ತದೆ.

ಆರು ತಿಂಗಳು, ವರ್ಷ ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಉಚಿತ, ಹಾಕಿಸುವ ಖರ್ಚು ಇಲ್ಲ ಎನ್ನುತ್ತಾರೆ. ಅದು ನಿಜವಾದ ಉಳಿತಾಯವೇ. ಆದರೆ ಲೈನ್ ಹೇಗಿದೆ ಎಂದು ತಿಳಿಯುವ ಮೊದಲು ಕಟ್ಟಬೇಡಿ. ಮೊದಲ ಎರಡು ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಇರಿ. ಒಂದು ಮಳೆಗಾಲ ನೋಡಿದ ಮೇಲೆ ವರ್ಷದ್ದು ಕಟ್ಟಿ. ಹಾಕಿಸುವ ಖರ್ಚು ಸಾವಿರ ರೂಪಾಯಿ ಉಳಿಸಲು ಹೋಗಿ ಆರು ತಿಂಗಳ ಹಣ ಸಿಕ್ಕಿಹಾಕಿಕೊಳ್ಳುವುದು ಬೇಡ. ಬಾಡಿಗೆ ಮನೆಯವರಂತೂ ಮನೆ ಬದಲಿಸಿದರೆ ಲೈನ್ ಸ್ಥಳಾಂತರಕ್ಕೆ ಎಷ್ಟು, ಹೊಸ ಏರಿಯಾದಲ್ಲಿ ಅವರ ವೈರ್ ಇಲ್ಲದಿದ್ದರೆ ಉಳಿದ ಹಣ ವಾಪಸ್ ಕೊಡುತ್ತಾರಾ, ಈ ಎರಡನ್ನು ಕೇಳದೆ ಸಹಿ ಹಾಕಬೇಡಿ. ಬಾಯಿಮಾತಿಗೆ ಬೆಲೆ ಇಲ್ಲ. ವಾಟ್ಸಾಪ್‌ನಲ್ಲಾದರೂ ಬರೆದು ಕಳಿಸಿ ಎನ್ನಿ.

ಅನ್‌ಲಿಮಿಟೆಡ್ ಎಂದರೆ ಎಷ್ಟು

ಅನ್‌ಲಿಮಿಟೆಡ್ ಪ್ಲಾನಿಗೂ ಒಂದು ಮಿತಿ ಇರುತ್ತದೆ, ಅದು ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ದೊಡ್ಡ ಕಂಪನಿಗಳ ಫೈಬರಿನಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ. ದಿನಕ್ಕೆ 110 ಜಿಬಿ ಆಯಿತು. ಎಚ್‌ಡಿ ವಿಡಿಯೋ ಗಂಟೆಗೆ ಹೆಚ್ಚೆಂದರೆ 3 ಜಿಬಿ ತಿನ್ನುತ್ತದೆ, ಅಂದರೆ ದಿನಕ್ಕೆ 36 ಗಂಟೆ ನೋಡಬೇಕು. ಮುಗಿಸಲು ಸಾಧ್ಯವಿಲ್ಲ, ಚಿಂತೆ ಬಿಡಿ. ಆದರೆ ತೀರಾ ಕಡಿಮೆ ಬಾಡಿಗೆಯ ಪ್ಲಾನ್‌ಗಳಲ್ಲಿ, ಸಣ್ಣ ಕಂಪನಿಗಳಲ್ಲಿ ಮಿತಿ ಇನ್ನೂ ಬಹಳ ಕಡಿಮೆ ಇರಬಹುದು. ಮಿತಿ ಎಷ್ಟು, ದಾಟಿದ ಮೇಲೆ ಎಷ್ಟು ಸ್ಪೀಡ್, ಎರಡೂ ಕೇಳಿ. 2023ರಿಂದ ಸರ್ಕಾರದ ಲೆಕ್ಕದಲ್ಲಿ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. 2ರಲ್ಲಿ ಒಂದು ಟಿವಿ ಸಹ ನೆಟ್ಟಗೆ ಓಡುವುದಿಲ್ಲ.

ಓಟಿಟಿ ಸೇರಿದ ಪ್ಲಾನ್‌ಗಳ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ನೀವು ಈಗಾಗಲೇ ದುಡ್ಡು ಕೊಟ್ಟು ನೋಡುತ್ತಿರುವ ಆ್ಯಪ್ ಅದರಲ್ಲಿದ್ದರೆ ಮಾತ್ರ ತೆಗೆದುಕೊಳ್ಳಿ. ಹದಿನೈದು ಆ್ಯಪ್ ಉಚಿತ ಎಂದು ಪಟ್ಟಿ ಇರುತ್ತದೆ, ಅದರಲ್ಲಿ ಹನ್ನೆರಡರ ಹೆಸರು ನಿಮ್ಮ ಮನೆಯಲ್ಲಿ ಯಾರೂ ಕೇಳಿರುವುದಿಲ್ಲ.

ಫೈಬರ್ ಬರದ ಜಾಗವಾದರೆ

ಗಾಳಿಯಲ್ಲಿ ಬರುವ 5ಜಿ ಬ್ರಾಡ್‌ಬ್ಯಾಂಡ್ ಈಗ ಇದೆ. ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರ್ 19ರಂದು, ಗಣೇಶ ಚತುರ್ಥಿಯ ದಿನ ಬೆಂಗಳೂರೂ ಸೇರಿ 8 ನಗರಗಳಲ್ಲಿ ಶುರುವಾಯಿತು, ಏರ್‌ಟೆಲ್‌ದೂ ಇದೆ. ತಾರಸಿಯ ಮೇಲೆ ಟವರಿನ ದಿಕ್ಕಿಗೆ ಒಂದು ಡಬ್ಬಿ ಕೂರಿಸುತ್ತಾರೆ, ಒಳಗೆ ರೂಟರ್. ವೈರ್ ತುಂಡಾಗುವ ಭಯವಿಲ್ಲ. ಆದರೆ ಬಾಡಿಗೆ ಅದೇ ಸ್ಪೀಡಿನ ಫೈಬರಿಗಿಂತ ಜಾಸ್ತಿ, ಜಿಯೋದ 30 ಎಂಬಿಪಿಎಸ್ ಪ್ಲಾನ್ ಫೈಬರಿನಲ್ಲಿ 399 ಆದರೆ ಏರ್‌ಫೈಬರಿನಲ್ಲಿ 599ಕ್ಕೆ ಬಂತು, ಡೇಟಾ ಮಿತಿಯೂ ತಿಂಗಳಿಗೆ 1,000 ಜಿಬಿ. ಅದೂ ಸಾಮಾನ್ಯ ಮನೆಗೆ ಸಾಕು. ನೋಡಬೇಕಾದದ್ದು ಟವರ್ ಮತ್ತು ನಿಮ್ಮ ತಾರಸಿಯ ನಡುವೆ ಏನಿದೆ ಎಂದು. ದಟ್ಟ ಮರ, ಗುಡ್ಡ, ಎತ್ತರದ ಕಟ್ಟಡ ಅಡ್ಡ ಇದ್ದರೆ ಸಿಗ್ನಲ್ ಬೀಳುತ್ತದೆ. ಹಾಕಿಸುವ ಮೊದಲು ಅದೇ ಕಂಪನಿಯ 5ಜಿ ಸಿಮ್ ಇರುವ ಫೋನ್ ತೆಗೆದುಕೊಂಡು ತಾರಸಿ ಹತ್ತಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸ್ಪೀಡ್ ನೋಡಿ. ಫೈಬರ್ ಸಿಗುವ ಕಡೆ ನಾನು ಇದನ್ನು ಹೇಳುವುದಿಲ್ಲ.

ಹಾಕಿಸುವ ದಿನ ಮನೆಯಲ್ಲೇ ಇರಿ

ಬರುವ ಹುಡುಗರಿಗೆ ದಿನಕ್ಕೆ ಹಲವು ಮನೆ ಮುಗಿಸಬೇಕಿರುತ್ತದೆ. ಕಿಟಕಿಯಿಂದ ಹತ್ತಿರ ಇರುವ ಮೂಲೆಯಲ್ಲೇ ರೂಟರ್ ಹೊಡೆದು ಹೋಗುವುದು ಅವರಿಗೆ ಸುಲಭ. ನಿಮಗೆ ಬೇಕಾದದ್ದು ಮನೆಯ ನಡುಭಾಗ. ಡ್ರಿಲ್ ಹಾಕುವ ಮೊದಲೇ ಜಾಗ ತೋರಿಸಿ, ಇನ್ನೂ ಹತ್ತು ಮೀಟರ್ ವೈರ್ ಬೇಕಾದರೆ ಅದರ ದುಡ್ಡು ಕೊಡಿ, ಅದು ದಂಡವಲ್ಲ. ಎದೆಯ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ. ಟಿವಿ ಹಿಂದೆ ಬೇಡ, ಗಾದ್ರೆಜ್ ಬೀರುವಿನ ಪಕ್ಕ ಬೇಡ, ಫ್ರಿಜ್ ಮೇಲೆ ಬೇಡ. ಕಬ್ಬಿಣ ವೈಫೈಯನ್ನು ತಡೆಯುತ್ತದೆ. ಹಳೆಯ ಮನೆಗಳ ಮಣ್ಣಿನ, ಜಂಬಿಟ್ಟಿಗೆಯ ದಪ್ಪ ಗೋಡೆ ಎರಡು ದಾಟಿದರೆ ಸಿಗ್ನಲ್ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಫೈಬರ್ ವೈರನ್ನು ಬಾಗಿಲ ಸಂದಿನಲ್ಲಿ ಒತ್ತಿ, ಮೂಲೆಯಲ್ಲಿ ಚೂಪಾಗಿ ಮಡಚಿ ಹಾಕಲು ಬಿಡಬೇಡಿ. ಒಳಗಿರುವುದು ಗಾಜು.

ರೂಟರ್ ಯಾವುದು ಕೊಡುತ್ತಿದ್ದಾರೆ ನೋಡಿ. ಡ್ಯುಯಲ್ ಬ್ಯಾಂಡ್ ಇರಬೇಕು, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ. 2.4 ದೂರ ಹೋಗುತ್ತದೆ, ಸ್ಪೀಡ್ ಕಡಿಮೆ. 5 ಹತ್ತಿರಕ್ಕೆ ಮಾತ್ರ, ಸ್ಪೀಡ್ ಜಾಸ್ತಿ. 2.4 ಮಾತ್ರ ಇರುವ ಹಳೆಯ ರೂಟರಿನಲ್ಲಿ 100ರ ಪ್ಲಾನ್ ಹಾಕಿಸಿದರೆ ಫೋನಿಗೆ ಅರ್ಧವೂ ಸಿಗದೇ ಇರಬಹುದು, ಸುಮ್ನೆ ದುಡ್ಡು ದಂಡ. 30, 40ರ ಪ್ಲಾನಿಗಾದರೆ ಅದೂ ನಡೆಯುತ್ತದೆ.

ಅವರು ಹೊರಡುವ ಮೊದಲು ಇಷ್ಟು ಮಾಡಿಸಿಕೊಳ್ಳಿ. ವೈಫೈ ಪಾಸ್‌ವರ್ಡ್ ನೀವೇ ಬದಲಿಸಿ. ಅವರ ಹತ್ತಿರ ಬೆಳಕು ಅಳೆಯುವ ಪುಟ್ಟ ಮೀಟರ್ ಇರುತ್ತದೆ, ಅದರಲ್ಲಿ ಎಷ್ಟು ಬಂತು ಎಂದು ಕೇಳಿ ಫೋಟೋ ತೆಗೆದುಕೊಳ್ಳಿ. ಮೈನಸ್‌ನಲ್ಲಿ ಬರುತ್ತದೆ. ಮೈನಸ್ 20ರ ಆಸುಪಾಸು ಚೆನ್ನಾಗಿದೆ. ಮೈನಸ್ 27 ಎಂದರೆ ಹೊಸ ಲೈನೇ ಸೊರಗಿದೆ, ಮಳೆ ಬಂದರೆ ಕೈಕೊಡಬಹುದು, ಜೋಡಣೆ ಮತ್ತೊಮ್ಮೆ ಮಾಡಿ ಎಂದು ಅಲ್ಲೇ ಹೇಳಿ. ಮತ್ತೆ ರೂಟರ್ ಡಬ್ಬಿಯ ದೀಪಗಳ ಅರ್ಥ ತಿಳಿದುಕೊಳ್ಳಿ. ಎಲ್‌ಓಎಸ್ ಎಂಬ ದೀಪ ಕೆಂಪಗೆ ಮಿನುಗಿದರೆ ಹೊರಗಿನ ವೈರ್ ಹೋಗಿದೆ, ನೀವು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಬರುವುದಿಲ್ಲ. ಕೆಂಪು ಇಲ್ಲದೆ ನೆಟ್ ಬರುತ್ತಿಲ್ಲ ಎಂದರೆ ಸಾಮಾನ್ಯವಾಗಿ ಕಂಪನಿಯ ಕಡೆ ತೊಂದರೆ ಅಥವಾ ಬಿಲ್ ಕಟ್ಟಿಲ್ಲ. ಇದನ್ನು ದೂರು ಹೇಳುವಾಗ ಮೊದಲೇ ಹೇಳಿದರೆ ಅರ್ಧ ದಿನ ಉಳಿಯುತ್ತದೆ.

ಕರೆಂಟ್ ಹೋಗುವ ಊರಾದರೆ ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ಒಂದು ತನ್ನಿ, ಸಾವಿರದಿಂದ ಒಂದೂವರೆ ಸಾವಿರದೊಳಗೆ ಸಿಗುತ್ತದೆ. ಹೆಚ್ಚಿನ ರೂಟರ್‌ಗಳು 12 ವೋಲ್ಟ್, ಆದರೂ ನಿಮ್ಮ ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಿ. ಫೈಬರ್ ಜೊತೆ ಬರುವ ಲ್ಯಾಂಡ್‌ಲೈನ್ ಫೋನೂ ರೂಟರ್ ಡಬ್ಬಿಯ ಕರೆಂಟಿನಲ್ಲೇ ನಡೆಯುವುದು. ಹಳೆಯ ಲ್ಯಾಂಡ್‌ಲೈನ್ ಹಾಗೆ ಕರೆಂಟ್ ಇಲ್ಲದಾಗಲೂ ಕೆಲಸ ಮಾಡುತ್ತದೆ ಎಂದು ವಯಸ್ಸಾದವರು ನಂಬಿಕೊಂಡಿರುತ್ತಾರೆ, ಅವರಿಗೆ ಬಿಡಿಸಿ ಹೇಳಿ.

ಮೊದಲ ವಾರ

ಮೂರು ರಾತ್ರಿ, ಒಂಬತ್ತು ಗಂಟೆಗೆ, ರೂಟರಿನ ಹತ್ತಿರ ನಿಂತು 5 ಗಿಗಾಹರ್ಟ್ಸ್‌ನಲ್ಲಿ ಸ್ಪೀಡ್ ನೋಡಿ ಸ್ಕ್ರೀನ್‌ಶಾಟ್ ತೆಗೆದಿಡಿ. ಲ್ಯಾಪ್‌ಟಾಪಿಗೆ ಲ್ಯಾನ್ ವೈರ್ ಹಾಕಿ ನೋಡಿದರೆ ಇನ್ನೂ ಸರಿ. ಹತ್ತಿರ ಪೂರ್ತಿ ಬಂದು ಒಳಕೋಣೆಯಲ್ಲಿ ಬರದಿದ್ದರೆ ತೊಂದರೆ ನಿಮ್ಮ ಗೋಡೆಯದ್ದು, ಪ್ಲಾನ್ ಏರಿಸಬೇಡಿ, ರೂಟರ್ ಜಾಗ ಬದಲಿಸಿ ಅಥವಾ ಒಂದು ಲ್ಯಾನ್ ವೈರ್ ಎಳೆದು ಹಳೆಯ ರೂಟರ್ ಅಲ್ಲಿಡಿ. ಹತ್ತಿರವೇ ಬರದಿದ್ದರೆ ಕಂಪನಿಗೆ ದೂರು ಕೊಡಿ.

ದೂರು ಕೊಟ್ಟರೆ ನಂಬರ್ ತೆಗೆದುಕೊಳ್ಳಿ. ಲೈನ್‌ಮನ್‌ಗೆ ಫೋನ್ ಮಾಡುವುದು ಕೆಲಸ ಬೇಗ ಆಗಲಿ ಎಂದು, ಆದರೆ ಲೆಕ್ಕಕ್ಕೆ ಬರುವುದು ಕಂಪನಿಯಲ್ಲಿ ದಾಖಲಾದ ದೂರಿನ ನಂಬರ್ ಮಾತ್ರ. ಅಲ್ಲಿ ಸರಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು, ಪ್ರತಿ ಕಂಪನಿಯಲ್ಲೂ ಇರಲೇಬೇಕು, ವಿಳಾಸ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಟ್ರಾಯ್ ಒಬ್ಬೊಬ್ಬರ ದೂರನ್ನು ನೇರವಾಗಿ ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಟೆಲಿಕಾಂ ಸೇವೆಯ ವಿಷಯದಲ್ಲೂ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನನ್ನ ಆ ಹನ್ನೊಂದು ದಿನದಲ್ಲಿ ನಾನು ಇಪ್ಪತ್ತು ಸಲ ಫೋನ್ ಮಾಡಿದ್ದೆ, ಒಂದು ದೂರಿನ ನಂಬರೂ ಬರೆದಿಟ್ಟುಕೊಂಡಿರಲಿಲ್ಲ. ಹಣ ವಾಪಸ್ ಕೇಳಲು ಕೈಯಲ್ಲಿ ಏನೂ ಇರಲಿಲ್ಲ.

ಕಂಪನಿ ಬದಲಿಸುವುದಾದರೆ ಹೊಸ ಲೈನ್ ಬಂದು ಒಂದು ವಾರ ಓಡಿದ ಮೇಲೆ ಹಳೆಯದನ್ನು ಬಿಡಿ. ಮೊಬೈಲಿನ ಹಾಗೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅನುಕೂಲ ಬ್ರಾಡ್‌ಬ್ಯಾಂಡಿಗೆ ಇಲ್ಲ. ಬಿಡುವುದನ್ನು ಇಮೇಲ್‌ನಲ್ಲಿ ಬರೆದು ತಿಳಿಸಿ. ಬಿಲ್ ಕಟ್ಟದೆ ಸುಮ್ಮನಿದ್ದರೆ ತಾನಾಗೇ ನಿಲ್ಲುತ್ತದೆ ಎಂದುಕೊಳ್ಳಬೇಡಿ, ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬೆಳೆಯುತ್ತದೆ. ರೂಟರ್, ಅಡಾಪ್ಟರ್ ವಾಪಸ್ ಕೊಡುವಾಗ ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದು, ತೆಗೆದುಕೊಂಡವರಿಂದ ರಸೀದಿ ಇಲ್ಲವೇ ಒಂದು ಮೆಸೇಜ್ ಪಡೆಯಿರಿ. ಡೆಪಾಸಿಟ್ ಕೇಳುವಾಗ ಅದೇ ಆಧಾರ.

ಲೈನ್ ಚೆನ್ನಾಗಿ ಓಡುತ್ತಿದ್ದರೆ ಕೊನೆಯ ಕೆಲಸ ಒಂದಿದೆ. ಒಂದು ಚೀಟಿಯಲ್ಲಿ ಗ್ರಾಹಕ ಸಂಖ್ಯೆ, ಬಿಲ್ ಕಟ್ಟುವ ತಾರೀಖು, ಕಂಪನಿಯ ದೂರು ನಂಬರ್, ಲೈನ್‌ಮನ್ ನಂಬರ್, ವೈಫೈ ಪಾಸ್‌ವರ್ಡ್, ಇಷ್ಟನ್ನು ಮನೆಯ ಹಿರಿಯರಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. "ಕೆಂಪು ದೀಪ ಬಂದರೆ ಈ ನಂಬರಿಗೆ ಫೋನ್ ಮಾಡಿ" ಎಂದು ಕೆಳಗೆ ಸೇರಿಸಿ. ರೂಟರ್ ಪಕ್ಕದ ಗೋಡೆಗೆ ಅಂಟಿಸಿ. ನೀವು ಊರಲ್ಲಿ ಇಲ್ಲದ ದಿನವೇ ಲೈನ್ ಹೋಗುವುದು, ಆಗ ಅಮ್ಮನಿಗೆ ಬೇಕಾಗುವುದು ಈ ಚೀಟಿ.